ಆಟಕ್ಕುಂಟು, ಲೆಕ್ಕಕ್ಕಿಲ್ಲ: ಗೃಹಿಣಿಯರ ಮತ್ತು ಮನೆಯ ಆರೈಕೆದಾರರ ದುಡಿಮೆ

ಗೃಹಿಣಿಯೊಬ್ಬರ ತಿಂಗಳ ದುಡಿಮೆಗೆ ಇಷ್ಟು ರೂಪಾಯಿ ಎಂದು ಸರ್ಕಾರಿ ಮುದ್ರೆಯ ಕಾಗದದ ಮೇಲೆ ಬರೆಯುವ ಜಾಗ ನಮ್ಮ ದೇಶದಲ್ಲಿ ಹೆಚ್ಚುಕಡಿಮೆ ಒಂದೇ. ಅದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಅಲ್ಲಿ ಆ ಅಂಕಿ ಬರೆಯುವ ಹೊತ್ತಿಗೆ ಆಕೆ ತೀರಿಹೋಗಿರುತ್ತಾರೆ, ಇಲ್ಲವೇ ಹಾಸಿಗೆ ಹಿಡಿದಿರುತ್ತಾರೆ. ಅದೇ ಹೆಂಗಸು ಬದುಕಿ ದುಡಿಯುತ್ತಿದ್ದಾಗ ಜನಗಣತಿಯಲ್ಲಿ 'ಕೆಲಸ ಮಾಡದವರು', ಉದ್ಯೋಗ ಸಮೀಕ್ಷೆಯಲ್ಲಿ ಸಂಕೇತ ಸಂಖ್ಯೆ 92, ಪಡಿತರ ಚೀಟಿಯಲ್ಲಿ ಯಜಮಾನಿ, ಅಂಗವಿಕಲ ಮಗನ ಅರ್ಜಿಯಲ್ಲಿ ಪೋಷಕಿ. ಒಂದು ಕಡತ ಹೇಳಿದ್ದನ್ನು ಇನ್ನೊಂದು ಕಡತ ಒಪ್ಪುವುದಿಲ್ಲ. ಗೃಹಿಣಿಯರಿಗೆ ಮನ್ನಣೆ ಬೇಕು ಎನ್ನುವ ಮಾತು ಈಗ ಹಲವು ಪಕ್ಷಗಳ ಪ್ರಣಾಳಿಕೆಯಲ್ಲಿದೆ. ಮನ್ನಣೆ ಎಂದರೆ ಯಾವ ಕಡತದಲ್ಲಿ, ಯಾರ ಹೆಸರಿನಲ್ಲಿ, ಯಾವ ಅಳತೆಯಲ್ಲಿ ಎಂದು ಕೇಳಿಕೊಂಡಾಗಲೇ ಕೊರತೆ ಎಲ್ಲಿದೆ ಎಂಬುದು ಕಣ್ಣಿಗೆ ಬೀಳುತ್ತದೆ.

ನ್ಯಾಯಮಂಡಳಿ ಲೆಕ್ಕ ಹಾಕುವ ಬಗೆ

1994ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ ಎರಡನೇ ಅನುಸೂಚಿಯಲ್ಲಿ ಒಂದು ಸೂತ್ರವಿತ್ತು. ಸತ್ತವರು ಸಂಪಾದನೆ ಇಲ್ಲದ ಗಂಡ ಅಥವಾ ಹೆಂಡತಿಯಾಗಿದ್ದರೆ, ಬದುಕುಳಿದ ಸಂಗಾತಿಯ ಆದಾಯದ ಮೂರನೇ ಒಂದು ಭಾಗವನ್ನು ಸತ್ತವರ ಆದಾಯವೆಂದು ಹಿಡಿಯಬೇಕು ಎಂಬುದು ಆ ಸೂತ್ರ. ಹಾಗೆ ಹಿಡಿದರೆ ಅಧಿಕಾರಿಯ ಹೆಂಡತಿ ಮಾಡಿದ ಅಡುಗೆಗೆ ಒಂದು ಬೆಲೆ, ಕೂಲಿಕಾರನ ಹೆಂಡತಿ ಮಾಡಿದ ಅದೇ ಅಡುಗೆಗೆ ಇನ್ನೊಂದು ಬೆಲೆ ಬರುತ್ತದೆ. ಕೆಲಸವನ್ನು ಬಿಟ್ಟು ಗಂಡನ ಸಂಬಳವನ್ನು ಅಳೆದ ಸೂತ್ರ ಅದು.

ಕೆಲಸವನ್ನೇ ಅಳೆಯುವ ದಾರಿಗೆ ಸುಪ್ರೀಂ ಕೋರ್ಟ್ ಹೆಜ್ಜೆ ಹೆಜ್ಜೆಯಾಗಿ ಬಂತು. 1989ರಲ್ಲಿ ಜಮ್ಶೆಡ್‌ಪುರದ ಸಮಾರಂಭವೊಂದರಲ್ಲಿ ಬೆಂಕಿ ಬಿದ್ದು ಅನೇಕ ಹೆಂಗಸರು, ಮಕ್ಕಳು ಸತ್ತ ಪ್ರಕರಣದಲ್ಲಿ, 2001ರ ತೀರ್ಪು 34ರಿಂದ 59 ವಯಸ್ಸಿನ ಗೃಹಿಣಿಯರ ಸೇವೆಗೆ ತಿಂಗಳಿಗೆ ₹3,000 ಎಂದು ನಿಗದಿ ಮಾಡಿತು. 2010ರಲ್ಲಿ ಇನ್ನೊಂದು ಪ್ರಕರಣ ಬಂತು. ಅದರಲ್ಲಿ ನ್ಯಾಯಮಂಡಳಿ ₹6 ಲಕ್ಷದ ಲೆಕ್ಕ ಹಾಕಿ, ಆಮೇಲೆ 'ಆಕೆಗೆ ನಿಜವಾದ ಸಂಪಾದನೆ ಇರಲಿಲ್ಲ' ಎಂದು ₹2.5 ಲಕ್ಷಕ್ಕೆ ಇಳಿಸಿತ್ತು. ಸುಪ್ರೀಂ ಕೋರ್ಟ್ ಪೂರ್ತಿ ಮೊತ್ತವನ್ನು ಕೊಡಿಸಿತು. 2001ರ ಜನಗಣತಿ ಸುಮಾರು 36 ಕೋಟಿ ಹೆಂಗಸರನ್ನು ಭಿಕ್ಷುಕರು ಮತ್ತು ಕೈದಿಗಳ ಜೊತೆ ಒಂದೇ ಗುಂಪಿಗೆ ಹಾಕಿದ್ದನ್ನು ಆ ತೀರ್ಪಿನಲ್ಲೇ ಕಟುವಾಗಿ ಟೀಕಿಸಿತು. 2021ರ ಜನವರಿಯ ತೀರ್ಪು, ಗೃಹಿಣಿಯ ಅಂದಾಜು ಆದಾಯಕ್ಕೂ 'ಭವಿಷ್ಯದ ಏರಿಕೆ', ಅಂದರೆ ಬದುಕಿದ್ದರೆ ಮುಂದೆ ಹೆಚ್ಚುತ್ತಿದ್ದ ಆದಾಯದ ಪಾಲನ್ನು, ಸೇರಿಸಬೇಕು ಎಂದಿತು. 2024ರ ಫೆಬ್ರುವರಿಯಲ್ಲಿ, ಗೃಹಿಣಿಯ ದುಡಿಮೆಯ ಬೆಲೆಯನ್ನು ದಿನಗೂಲಿ ನೌಕರರ ಆದಾಯಕ್ಕಿಂತ ಕಡಿಮೆ ಹಿಡಿಯುವಂತಿಲ್ಲ ಎಂದಿತು.

ಈ ಸೂತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು, ಏಕೆಂದರೆ ಒಂದು ಮೆಟ್ಟಿಲು ತಪ್ಪಿದರೂ ಕುಟುಂಬ ಲಕ್ಷಗಟ್ಟಲೆ ಕಳೆದುಕೊಳ್ಳುತ್ತದೆ. ಮೃತರಿಗೆ 34 ವರ್ಷ, ಮನೆಯಲ್ಲಿ ಗಂಡ ಮತ್ತು ಇಬ್ಬರು ಮಕ್ಕಳಿದ್ದಾರೆ ಎನ್ನೋಣ. ಅಂದಾಜು ಆದಾಯವನ್ನು ಉದಾಹರಣೆಗಾಗಿ ತಿಂಗಳಿಗೆ ₹12,000 ಎಂದು ಹಿಡಿಯೋಣ. ನಲವತ್ತರ ಒಳಗಿನವರಾದ್ದರಿಂದ 2017ರ ಸಂವಿಧಾನ ಪೀಠದ ತೀರ್ಪಿನಂತೆ ಭವಿಷ್ಯದ ಏರಿಕೆಯೆಂದು ಶೇ 40 ಸೇರಿಸಬೇಕು. ಅಲ್ಲಿಗೆ ₹16,800 ಆಯಿತು. ಅವಲಂಬಿತರು ಮೂವರು, ಹಾಗಾಗಿ ಮೃತರ ಸ್ವಂತ ಖರ್ಚೆಂದು ಮೂರನೇ ಒಂದು ಭಾಗ ಕಳೆಯಬೇಕು. ಉಳಿದದ್ದು ₹11,200, ವರ್ಷಕ್ಕೆ ₹1,34,400. ಇದನ್ನು ವಯಸ್ಸಿಗೆ ತಕ್ಕಂತೆ ಎಷ್ಟರಿಂದ ಗುಣಿಸಬೇಕು ಎಂಬ ಸಂಖ್ಯೆಗೆ ಗುಣಕ ಎನ್ನುತ್ತಾರೆ, 31ರಿಂದ 35 ವಯಸ್ಸಿಗೆ ಅದು 16. ಗುಣಿಸಿದರೆ ₹21,50,400. ಇದರ ಮೇಲೆ ಆಸ್ತಿ ನಷ್ಟಕ್ಕೆ ₹15,000, ಅಂತ್ಯಕ್ರಿಯೆಗೆ ₹15,000, ಸಾಂಗತ್ಯ ನಷ್ಟಕ್ಕೆ ಗಂಡನಿಗೂ ಪ್ರತಿ ಮಗುವಿಗೂ ತಲಾ ₹40,000. ಈ ಮೂರು ಮೊತ್ತಗಳು ಮೂರು ವರ್ಷಕ್ಕೊಮ್ಮೆ ಶೇ 10ರಷ್ಟು ಏರುತ್ತವೆ. 'ಭವಿಷ್ಯದ ಏರಿಕೆ'ಯನ್ನು ಬಿಟ್ಟು ಇದೇ ಲೆಕ್ಕ ಮಾಡಿದರೆ ಮುಖ್ಯ ಮೊತ್ತ ₹15,36,000ಕ್ಕೆ ಇಳಿಯುತ್ತದೆ. ಒಂದೇ ಸಾಲು ಬಿಟ್ಟುಹೋದದ್ದಕ್ಕೆ ಆರು ಲಕ್ಷಕ್ಕೂ ಮಿಕ್ಕಿದ ನಷ್ಟ.

ಅರ್ಜಿ ಎಡವುವುದು ಸಾಮಾನ್ಯವಾಗಿ ನಾಲ್ಕು ಕಡೆ. ಮೊದಲನೆಯದು ವಾದದ ಧಾಟಿ. ಗೃಹಿಣಿ ಎಂದು ಬರೆದರೆ ಕಡಿಮೆ ಸಿಕ್ಕೀತು ಎಂಬ ಅಂಜಿಕೆಯಿಂದ 'ಟೈಲರಿಂಗ್‌ನಿಂದ ತಿಂಗಳಿಗೆ ಇಷ್ಟು ಸಂಪಾದಿಸುತ್ತಿದ್ದರು' ಎಂದು ಪುರಾವೆ ಇಲ್ಲದೆ ಬರೆಸುತ್ತಾರೆ. ಪುರಾವೆ ಇಲ್ಲವೆಂದು ಆ ಆದಾಯ ತಳ್ಳಿಹೋಗುತ್ತದೆ. ಮನೆಗೆಲಸದ ಬೆಲೆಯನ್ನಂತೂ ಯಾರೂ ಕೇಳಿಯೇ ಇರುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ಬರೆಯಬೇಕು. ಹಾಲಿನ ಡೇರಿಯ ಪಾಸ್‌ಬುಕ್, ಸ್ತ್ರೀಶಕ್ತಿ ಸಂಘದ ಪುಸ್ತಕ, ಹೊಲಿಗೆಯ ರಸೀದಿ ಏನಿದ್ದರೂ ಹಾಜರುಪಡಿಸಬೇಕು. ಅವು ಇಲ್ಲದಿದ್ದರೆ ಮನೆಯಲ್ಲಿ ಯಾರು ಯಾರಿದ್ದರು, ಯಾವ ಮಗುವಿಗೆ ಎಷ್ಟು ವಯಸ್ಸು, ಹಾಸಿಗೆ ಹಿಡಿದ ಹಿರಿಯರು ಇದ್ದರೇ ಎಂಬುದನ್ನಾದರೂ ಸಾಕ್ಷ್ಯದಲ್ಲಿ ತರಬೇಕು. ಎರಡನೆಯದು ವಯಸ್ಸು. 35 ದಾಟಿ 36 ಆದರೆ ಗುಣಕ 16ರಿಂದ 15ಕ್ಕೆ ಬೀಳುತ್ತದೆ. ಆಧಾರ್ ಕಾರ್ಡ್ ಹುಟ್ಟಿದ ದಿನಾಂಕಕ್ಕೆ ಪುರಾವೆಯಲ್ಲ ಎಂದು 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದರಿಂದ ಶಾಲೆಯ ವರ್ಗಾವಣೆ ಪತ್ರ ಹುಡುಕಿಡುವುದು ಒಳ್ಳೆಯದು. ಮೂರನೆಯದು ಗಡುವು. 2022ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿಯಲ್ಲಿ ಅಪಘಾತದ ದಿನದಿಂದ ಆರು ತಿಂಗಳು ಎಂದಿದೆ. ಈ ಗಡುವಿನ ಸಿಂಧುತ್ವವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ, ಆದರೂ ಆರು ತಿಂಗಳ ಒಳಗೇ ಅರ್ಜಿ ಹಾಕಿಬಿಡಬೇಕು. ನಾಲ್ಕನೆಯದು ಅಂದಾಜು ಆದಾಯದ ಪಟ್ಟಿ. ಕರ್ನಾಟಕದಲ್ಲಿ ಆದಾಯದ ಪುರಾವೆ ಇಲ್ಲದ ಪ್ರಕರಣಗಳಿಗೆ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಪಟ್ಟಿಯನ್ನು ನೋಡುವ ರೂಢಿಯಿದೆ. ಅದು ಅಪಘಾತ ನಡೆದ ವರ್ಷದ ಪ್ರಕಾರ ಬದಲಾಗುತ್ತದೆ. ಹಳೆಯ ವರ್ಷದ ಅಂಕಿ ಹಾಕಿದ್ದಾರೆಯೇ ಎಂದು ವಕೀಲರನ್ನು ಕೇಳಲು ಸಂಕೋಚ ಬೇಡ.

ಇದೇ ನ್ಯಾಯಮಂಡಳಿಯ ಕಾನೂನಿನಲ್ಲಿ ಆರೈಕೆಯ ಬೆಲೆಗೂ ಒಂದು ಬಾಗಿಲು ತೆರೆದಿದೆ. 2020ರಲ್ಲಿ, ಅಪಘಾತದಿಂದ ಸಂಪೂರ್ಣ ಪರಾವಲಂಬಿಯಾದ ಬಾಲಕಿಯ ಪ್ರಕರಣದಲ್ಲಿ, ಇಬ್ಬರು ಸಹಾಯಕರು ತಲಾ ₹5,000ದಂತೆ, ಹನ್ನೆರಡು ತಿಂಗಳು, ಗುಣಕ 18 ಎಂದು ಲೆಕ್ಕ ಹಾಕಿ ಆರೈಕೆಗೇ ₹21.6 ಲಕ್ಷ ಕೊಡಿಸಲಾಯಿತು. ಇಡೀ ದಿನದ ಆರೈಕೆ ಒಬ್ಬರಿಂದ ಆಗುವ ಕೆಲಸವಲ್ಲ ಎಂಬುದನ್ನು ಕೋರ್ಟ್ ಒಪ್ಪಿತು. ಲಾರಿ ಗುದ್ದದೆ, ಹುಟ್ಟಿನಿಂದಲೇ ಅದೇ ಸ್ಥಿತಿಯಲ್ಲಿರುವ ಮಗುವಿನ ತಾಯಿಗೆ ಈ ಲೆಕ್ಕ ಹಾಕುವವರು ಯಾರೂ ಇಲ್ಲ.

ಎಣಿಸುವವರು ಎಲ್ಲಿ ಬಿಡುತ್ತಾರೆ

ರಾಷ್ಟ್ರೀಯ ಆದಾಯದ ಲೆಕ್ಕಕ್ಕೆ ಜಗತ್ತೆಲ್ಲ ಅನುಸರಿಸುವ ವಿಶ್ವಸಂಸ್ಥೆಯ ಲೆಕ್ಕಪದ್ಧತಿಯಲ್ಲಿ ಒಂದು ಗೆರೆ ಎಳೆದಿದ್ದಾರೆ. ಮನೆಯವರೇ ಬಳಸುವುದಕ್ಕೆ ಮಾಡಿದ ವಸ್ತು ಗೆರೆಯ ಒಳಗೆ, ಮನೆಯವರಿಗೇ ಮಾಡಿದ ಸೇವೆ ಗೆರೆಯ ಹೊರಗೆ. ಬಾವಿಯಿಂದ ನೀರು ಸೇದಿ ತಂದರೆ ಅದು ಉತ್ಪಾದನೆ. ಆ ನೀರಿನಲ್ಲಿ ಅತ್ತೆಗೆ ಸ್ನಾನ ಮಾಡಿಸಿದರೆ ಅಲ್ಲ. 2013ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಖ್ಯಾಶಾಸ್ತ್ರಜ್ಞರ ಸಮ್ಮೇಳನ 'ಕೆಲಸ'ದ ವ್ಯಾಖ್ಯೆಗೆ ಮನೆಯ ಸೇವೆಯನ್ನೂ ಸೇರಿಸಿತು. 'ಉದ್ಯೋಗ' ಎಂಬ ಪದವನ್ನು ಮಾತ್ರ ಸಂಬಳ ಅಥವಾ ಲಾಭಕ್ಕಾಗಿ ಮಾಡುವ ಕೆಲಸಕ್ಕೇ ಉಳಿಸಿಕೊಂಡಿತು.

ನಮ್ಮ ನಿಯತಕಾಲಿಕ ಕಾರ್ಮಿಕ ಸಮೀಕ್ಷೆಯಲ್ಲಿ ಮನೆಗೆಲಸ ಮಾತ್ರ ಮಾಡುವವರಿಗೆ ಸಂಕೇತ 92. ಮನೆಗೆಲಸದ ಜೊತೆಗೆ ಸೌದೆ, ಮೇವು ತರುವುದು, ಮನೆಬಳಕೆಗೆ ಹೊಲಿಯುವುದು, ನೇಯುವುದು ಮಾಡುವವರಿಗೆ 93. ಎರಡೂ ಕಾರ್ಮಿಕ ಬಲದ ಹೊರಗೆ. ಅದೇ ಮನೆಯ ಅಂಗಡಿಯಲ್ಲೋ ಹೊಲದಲ್ಲೋ ಸಂಬಳವಿಲ್ಲದೆ ದುಡಿದರೆ ಸಂಕೇತ 21. ಹಾಗೆ ಬರೆದ ಕೂಡಲೇ ಆಕೆ ಉದ್ಯೋಗಸ್ಥೆ. ಹಣ ಮೂವರಿಗೂ ಸಿಗುವುದಿಲ್ಲ, ಎಣಿಕೆಯಲ್ಲಿ ಮಾತ್ರ ಒಬ್ಬರು ಒಳಗೆ, ಇಬ್ಬರು ಹೊರಗೆ. ಪ್ರಶ್ನೆ ಕೇಳುವ ರೀತಿಯ ಮೇಲೆ ಹೆಂಗಸರ ಉದ್ಯೋಗ ಪ್ರಮಾಣ ಏರಿಳಿಯುವುದು ಇದರಿಂದಲೇ. 'ಏನು ಕೆಲಸ ಮಾಡ್ತೀರಿ?' ಎಂದರೆ 'ಮನೇಲೇ ಇರ್ತೀನಿ' ಎಂಬ ಉತ್ತರ ಬರುತ್ತದೆ. 'ಹಿಟ್ಟಿನ ಗಿರಣಿಗೆ ಬರೋ ಗಿರಾಕಿಗಳನ್ನ ನೋಡ್ಕೊಳ್ಳೋರು ಯಾರು?' ಎಂದು ಕೇಳಿದರೆ ಬೇರೆ ಉತ್ತರ ಬರುತ್ತದೆ.

ಜನಗಣತಿಯ ನಿಯಮವಂತೂ ಇನ್ನೂ ಸ್ಪಷ್ಟ, ಆದರೆ ಅದು ಹೆಚ್ಚಿನವರಿಗೆ ಗೊತ್ತಿಲ್ಲ. ಹಿಂದಿನ ಗಣತಿಗಳಲ್ಲಿ ಹೊಲದಲ್ಲಿ ಅಥವಾ ಮನೆಯ ಉದ್ಯಮದಲ್ಲಿ ಸಂಬಳವಿಲ್ಲದೆ ದುಡಿಯುವುದು, ಅರೆಕಾಲಿಕವಾದರೂ ಸರಿ, 'ಕೆಲಸ'. ಮನೆಬಳಕೆಗಷ್ಟೇ ಹಾಲು ಕರೆಯಲು ಹಸು ಸಾಕಿದರೂ 'ಕೆಲಸ'. ವರ್ಷಕ್ಕೆ ಆರು ತಿಂಗಳು ಅಥವಾ ಹೆಚ್ಚು ಮಾಡಿದರೆ ಮುಖ್ಯ ಕೆಲಸಗಾರರು, ಅದಕ್ಕಿಂತ ಕಡಿಮೆಯಾದರೆ ಅಲ್ಪಾವಧಿ ಕೆಲಸಗಾರರು. ಹೀಗಿದ್ದೂ ಕೊಟ್ಟಿಗೆಯಲ್ಲಿ ಎರಡು ಹಸು ಕಟ್ಟಿಕೊಂಡು ಬೆಳಗ್ಗೆ ಐದಕ್ಕೇ ಸಗಣಿ ಬಾಚುವವರ ಮುಂದೆ 'ಗೃಹಕೃತ್ಯ' ಎಂದು ಬರೆದು ಗಣತಿದಾರರು ಮುಂದಿನ ಮನೆಗೆ ಹೋಗುತ್ತಾರೆ. ಉತ್ತರ ಕೊಡುವವರೂ ಸಾಮಾನ್ಯವಾಗಿ ಮನೆಯ ಗಂಡಸೇ. 2027ರ ಗಣತಿಯವರು ಬಾಗಿಲಿಗೆ ಬಂದಾಗ ಆ ಮನೆಯ ಹೆಂಗಸೇ ಎದುರು ಕೂತು, ವರ್ಷದಲ್ಲಿ ಎಷ್ಟು ತಿಂಗಳು ಹೊಲಕ್ಕೆ ಹೋದೆ, ಎಷ್ಟು ಹಸು ನೋಡಿಕೊಂಡೆ ಎಂದು ಹೇಳುವುದು ಸಣ್ಣ ವಿಷಯವಲ್ಲ. 2011ರ ಗಣತಿಯಲ್ಲಿ ಗೃಹಕೃತ್ಯವೇ ಮುಖ್ಯ ಕೆಲಸ ಎಂದವರು 15.98 ಕೋಟಿ ಹೆಂಗಸರು, 57.9 ಲಕ್ಷ ಗಂಡಸರು. ಆ ಗಂಡಸರನ್ನೂ ಮರೆಯಬಾರದು. ಕಾನೂನು ಬರೆಯುವಾಗ 'ಗೃಹಿಣಿ' ಎಂದಷ್ಟೇ ಬರೆದರೆ, ಹೆಂಡತಿಗೆ ಪಾರ್ಶ್ವವಾಯು ಹೊಡೆದಿದ್ದಕ್ಕೆ ಕೆಲಸ ಬಿಟ್ಟು ಮನೆಯಲ್ಲಿ ಕೂತ ಗಂಡ ಹೊರಗುಳಿಯುತ್ತಾನೆ.

ಗಂಟೆಯನ್ನು ಅಳೆಯುವುದು ಸಮಯ ಬಳಕೆ ಸಮೀಕ್ಷೆ ಮಾತ್ರ. ರಾಷ್ಟ್ರಮಟ್ಟದಲ್ಲಿ ಇದು 2019ರಲ್ಲಿ ಮತ್ತು 2024ರಲ್ಲಿ ನಡೆಯಿತು. ಹಿಂದಿನ ದಿನ ಬೆಳಗಿನ ಜಾವ 4ರಿಂದ ಈ ದಿನ 4ರವರೆಗೆ, ಅರ್ಧರ್ಧ ಗಂಟೆಗೆ ಏನು ಮಾಡಿದಿರಿ ಎಂದು ಕೇಳಿ ಬರೆದುಕೊಳ್ಳುತ್ತಾರೆ. 2024ರ ಸಮೀಕ್ಷೆಯ ಪ್ರಕಾರ, ಆ ದಿನ ಸಂಬಳವಿಲ್ಲದ ಮನೆಗೆಲಸ ಮಾಡಿದ ಹೆಂಗಸರು ಸರಾಸರಿ 289 ನಿಮಿಷ ಅದಕ್ಕೆ ಕೊಟ್ಟರು, ಗಂಡಸರು 88 ನಿಮಿಷ. 15ರಿಂದ 59 ವಯಸ್ಸಿನಲ್ಲಿ ಮನೆಯವರ ಆರೈಕೆ ಮಾಡಿದವರು ಹೆಂಗಸರಲ್ಲಿ ಶೇ 41, ಗಂಡಸರಲ್ಲಿ ಶೇ 21.4. ಮಾಡಿದವರು ಕೊಟ್ಟ ಸಮಯ ಕ್ರಮವಾಗಿ 140 ನಿಮಿಷ, 74 ನಿಮಿಷ.

ಈ ಅಂಕಿಗಳನ್ನು ಓದುವಾಗ ಪತ್ರಿಕೆಗಳೂ ತಪ್ಪುತ್ತವೆ. 140 ನಿಮಿಷ ಎಂಬುದು ಆ ದಿನ ಆರೈಕೆ ಮಾಡಿದವರ ಸರಾಸರಿ, ಎಲ್ಲ ಹೆಂಗಸರದ್ದಲ್ಲ. ಎಲ್ಲರ ಮೇಲೆ ಹಂಚಿದರೆ ಹೆಂಗಸರಿಗೆ ಸುಮಾರು 57 ನಿಮಿಷ, ಗಂಡಸರಿಗೆ ಸುಮಾರು 16 ನಿಮಿಷ. ಅಂದರೆ ನಿಜವಾದ ಅಂತರ ಎರಡು ಪಟ್ಟಲ್ಲ, ಮೂರೂವರೆ ಪಟ್ಟು. ಇನ್ನೊಂದು ತೊಡಕು, ಒಂದೇ ಹೊತ್ತಿನಲ್ಲಿ ಮಾಡುವ ಎರಡು ಕೆಲಸ. ಒಲೆಯ ಮೇಲೆ ಅನ್ನ, ಒಂದು ಕಣ್ಣು ಮರೆವಿನ ಕಾಯಿಲೆಯ ಮಾವ ಬಾಗಿಲು ತೆಗೆದು ಹೊರಗೆ ಹೋಗದಂತೆ ಅವರ ಮೇಲೆ. ಮುಖ್ಯ ಕೆಲಸ ಅಡುಗೆ ಎಂದು ದಾಖಲಾದಾಗ ಕಾವಲು ಕಾದದ್ದು ಕರಗಿಹೋಗುತ್ತದೆ. ರಾತ್ರಿ ಎರಡಕ್ಕೆ ಎದ್ದು ಮಗ್ಗುಲು ಬದಲಿಸಿದ ಹತ್ತು ನಿಮಿಷ 'ನಿದ್ದೆ'ಯ ಒಳಗೆ ಸೇರಿಹೋಗುತ್ತದೆ. ಆರೈಕೆದಾರರ ಆರೋಗ್ಯ ಕೆಡುವುದು ಆ ತುಂಡು ನಿದ್ದೆಯಿಂದಲೇ, ಸಮೀಕ್ಷೆಗೆ ಕಾಣದಿರುವುದೂ ಅದೇ.

ನಿಮಿಷಗಳನ್ನು ರೂಪಾಯಿಗೆ ತಿರುಗಿಸುವ ಯತ್ನಗಳೂ ನಡೆದಿವೆ. 2023ರಲ್ಲಿ ಸ್ಟೇಟ್ ಬ್ಯಾಂಕಿನ ಸಂಶೋಧನಾ ವಿಭಾಗ ಹೆಂಗಸರ ಸಂಬಳವಿಲ್ಲದ ದುಡಿಮೆಗೆ ₹22.7 ಲಕ್ಷ ಕೋಟಿ, ಅಂದರೆ ಜಿಡಿಪಿಯ ಸುಮಾರು ಶೇ 7.5 ಎಂದು ಅಂದಾಜು ಮಾಡಿತು. ಇಂಥ ಅಂಕಿಗಳು ಭಾಷಣಕ್ಕೆ ಬರುತ್ತವೆ, ಬಜೆಟ್ಟಿಗೆ ಬರುವುದಿಲ್ಲ. ಅದೇ ಕೆಲಸಕ್ಕೆ ಆಳಿಟ್ಟರೆ ಎಷ್ಟು ಎಂದು ಹಿಡಿದರೆ ಒಂದು ಮೊತ್ತ ಬರುತ್ತದೆ. ಆಕೆ ಹೊರಗೆ ದುಡಿದಿದ್ದರೆ ಎಷ್ಟು ಎಂದು ಹಿಡಿದರೆ ಇನ್ನೊಂದು. ಎರಡನೆಯ ಬಗೆಯಲ್ಲಿ ಡಾಕ್ಟರು ಓದಿದವಳು ತೊಳೆದ ಪಾತ್ರೆಗೆ ಹೆಚ್ಚು ಬೆಲೆ ಬರುತ್ತದೆ. ಮನೆಗೆಲಸದವರಿಗೆ ಕೊಡುವ ಕೂಲಿಯೇ ಕಡಿಮೆಯಿರುವ ನಮ್ಮಲ್ಲಿ ಮೊದಲನೆಯ ಬಗೆಯೂ ನ್ಯಾಯದ ಅಳತೆಯಲ್ಲ. ನೀತಿ ಮಾಡುವವರಿಗೆ ರೂಪಾಯಿಗಿಂತ ಗಂಟೆಯ ಲೆಕ್ಕವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಎರಡು ಸಾವಿರ ರೂಪಾಯಿ ಏನನ್ನು ಗುರುತಿಸುತ್ತದೆ

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಸಿಕ್ಕ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ ₹2,000. ಪಡಿತರ ಚೀಟಿಯಲ್ಲಿ ಆಕೆಯ ಹೆಸರು ಯಜಮಾನಿ ಎಂದಿರಬೇಕು. ಆಕೆಯಾಗಲಿ ಗಂಡನಾಗಲಿ ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುವವರಾಗಿರಬಾರದು. ಬಹಳ ಮನೆಗಳಲ್ಲಿ ಹೆಂಗಸಿನ ಸ್ವಂತ ಬ್ಯಾಂಕ್ ಖಾತೆಗೆ ತಿಂಗಳು ತಿಂಗಳು ಬೀಳುವ ಮೊದಲ ಹಣ ಇದು. ಔಷಧಿಗೆ, ಮಕ್ಕಳ ಶುಲ್ಕಕ್ಕೆ, ಸಂಘದ ಸಾಲದ ಕಂತಿಗೆ ಅದು ಆಧಾರವಾಗಿದೆ.

ಆದರೆ ಇದು ದುಡಿಮೆಯ ಮನ್ನಣೆಯೇ? ನಮ್ಮ ಉತ್ತರ: ಅರ್ಧ ಮಾತ್ರ. ಹಣ ಹೋಗುವುದು ಯಜಮಾನಿ ಎಂಬ ಸ್ಥಾನಕ್ಕೆ. ಅತ್ತೆಯ ಹೆಸರು ಯಜಮಾನಿಯೆಂದಿರುವ ಕೂಡು ಕುಟುಂಬದಲ್ಲಿ ಇಡೀ ದಿನ ದುಡಿಯುವ ಸೊಸೆಗೆ ಈ ಕಡತದಲ್ಲಿ ಜಾಗವಿಲ್ಲ. ಇದೇ ಕಾರಣಕ್ಕೆ ಪಡಿತರ ಚೀಟಿ ಬೇರೆ ಮಾಡಿಸುವ ಒತ್ತಡ, ಮನೆಯೊಳಗೆ ಮುನಿಸು ಹುಟ್ಟುತ್ತದೆ. ನೆರೆಯ ತಮಿಳುನಾಡಿನಲ್ಲಿ 2023ರ ಸೆಪ್ಟೆಂಬರ್ 15ರಂದು ಆರಂಭವಾದ ತಿಂಗಳಿಗೆ ₹1,000ದ ಯೋಜನೆಯ ಹೆಸರಿನಲ್ಲೇ 'ಹಕ್ಕಿನ ಮೊತ್ತ' ಎಂಬ ಮಾತಿದೆ. ಸಹಾಯಧನ ಎನ್ನದೆ ಹಕ್ಕು ಎಂದದ್ದು ಒಳ್ಳೆಯ ಹೆಜ್ಜೆ. ಅಲ್ಲೂ ಷರತ್ತುಗಳಿರುವುದು ಕುಟುಂಬದ ಆದಾಯ, ಜಮೀನು, ವಿದ್ಯುತ್ ಬಳಕೆಯ ಮೇಲೆ, ದುಡಿಮೆಯ ಮೇಲಲ್ಲ.

ಹಣ ನಿಂತಾಗ ಮೊದಲು ನೋಡಬೇಕಾದದ್ದು ಖಾತೆಗೆ ಆಧಾರ್ ಜೋಡಣೆ. ಬ್ಯಾಂಕಿನಲ್ಲಿ ಆಧಾರ್ ಪ್ರತಿ ಕೊಟ್ಟಿರುವುದು ಬೇರೆ, ಸರ್ಕಾರದ ನೇರ ವರ್ಗಾವಣೆಗೆ ಆ ಖಾತೆಯನ್ನು ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ಜೋಡಿಸಿರುವುದು ಬೇರೆ. ಎರಡು ಖಾತೆಯಿದ್ದವರಿಗೆ ಹಣ ಕೊನೆಗೆ ಜೋಡಿಸಿದ ಖಾತೆಗೆ ಹೋಗಿರುತ್ತದೆ. ಅವರು ಹಳೆಯ ಪಾಸ್‌ಬುಕ್ ನೋಡಿ ಬಂದಿಲ್ಲ ಎಂದುಕೊಳ್ಳುತ್ತಾರೆ. ಪಡಿತರ ಚೀಟಿಯಲ್ಲೂ ಆಧಾರ್‌ನಲ್ಲೂ ಹೆಸರಿನ ಕಾಗುಣಿತ ಬೇರೆಯಿದ್ದರೆ, ಇಕೆವೈಸಿ (ಆನ್‌ಲೈನ್ ಗುರುತಿನ ಪರಿಶೀಲನೆ) ಆಗಿರದಿದ್ದರೆ ಅಲ್ಲೂ ಹಣ ನಿಲ್ಲುತ್ತದೆ. ಹಳೆಯ ಜಿಎಸ್‌ಟಿ ನೋಂದಣಿ ಗಂಡನ ಹೆಸರಿನಲ್ಲಿ ಉಳಿದು, ವ್ಯಾಪಾರ ನಿಂತಿದ್ದರೂ ತೆರಿಗೆದಾರರ ಪಟ್ಟಿಗೆ ಸೇರಿದವರೂ ಇದ್ದಾರೆ. ನೋಂದಣಿ ರದ್ದತಿಯ ಆದೇಶದ ಪ್ರತಿಯೊಂದಿಗೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಗೆ ಹೋಗಬೇಕು. ಯಜಮಾನಿ ತೀರಿಕೊಂಡರೆ ಮೊದಲು ಆಹಾರ ಇಲಾಖೆಯಲ್ಲಿ ಚೀಟಿಯ ಯಜಮಾನಿಯನ್ನು ಬದಲಿಸಬೇಕು, ಆಮೇಲೆ ಹೊಸ ಅರ್ಜಿ.

ಆಸ್ತಿಯ ವಿಷಯ ಇನ್ನೂ ತೆಳು. ಗೋವಾ ಬಿಟ್ಟರೆ ದೇಶದಲ್ಲಿ ಮದುವೆಯ ನಂತರ ಗಳಿಸಿದ ಆಸ್ತಿ ಇಬ್ಬರದೂ ಎಂಬ ಸಾಮಾನ್ಯ ನಿಯಮವಿಲ್ಲ, ಯಾರ ಹೆಸರಲ್ಲಿದೆಯೋ ಅವರದು. 2023ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್, ಮನೆ ನೋಡಿಕೊಂಡ ಹೆಂಡತಿಯ ಕೊಡುಗೆಯಿಂದಲೇ ಗಂಡ ಆಸ್ತಿ ಮಾಡಲು ಸಾಧ್ಯವಾಯಿತು, ಹಾಗಾಗಿ ಆಕೆಗೂ ಪಾಲಿದೆ ಎಂದಿತು. ಅದು ದೇಶದ ಕಾನೂನಾಗಿಲ್ಲ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಜೀವನಾಂಶದ ತೀರ್ಪೊಂದರಲ್ಲಿ, ಗಂಡಂದಿರು ಜಂಟಿ ಖಾತೆ ತೆರೆದು ಎಟಿಎಂ ಬಳಕೆಯನ್ನು ಹೆಂಡತಿಗೂ ಕೊಡಬೇಕೆಂದು ಬರೆದರು. ಅದು ಸಲಹೆ, ಆದೇಶವಲ್ಲ. ಮನೆ ಸಾಲಕ್ಕೆ ಸಹಿ ಹಾಕುವ ದಿನವೇ ನೋಂದಣಿ ಪತ್ರದಲ್ಲಿ ಎರಡು ಹೆಸರು ಬರೆಸುವುದೇ ಈಗ ಇರುವ ಭದ್ರ ದಾರಿ.

ಆರೈಕೆದಾರರು ಎಂಬ ಪದ ಕಾಯ್ದೆಯಲ್ಲಿದೆ, ಕಾರ್ಡಿನಲ್ಲಿಲ್ಲ

ಕುಟುಂಬದ ಆರೈಕೆದಾರರನ್ನು ನಮ್ಮ ಕಾನೂನು ಗುರುತಿಸಿಯೇ ಇಲ್ಲ ಎನ್ನುವುದು ಸರಿಯಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 2ನೇ ಕಲಮಿನಲ್ಲೇ ಆರೈಕೆದಾರರ ವ್ಯಾಖ್ಯೆಯಿದೆ. ಸಂಬಳ ಪಡೆದೋ ಪಡೆಯದೆಯೋ ಅಂಗವಿಕಲರಿಗೆ ನೆರವಾಗುವ ತಂದೆ ತಾಯಿ, ಮನೆಯವರು ಎಲ್ಲರೂ ಅದರಲ್ಲಿ ಬರುತ್ತಾರೆ. 24ನೇ ಕಲಮು, ಹೆಚ್ಚಿನ ನೆರವು ಬೇಕಾದ ಅಂಗವಿಕಲರಿಗೆ ಆರೈಕೆದಾರರ ಭತ್ಯೆಯ ಯೋಜನೆ ಮಾಡಬೇಕು ಎನ್ನುತ್ತದೆ. ಆದರೆ ಅದೇ ಕಲಮಿನ ಮೊದಲ ಸಾಲಿನಲ್ಲಿ 'ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ' ಎಂಬ ಮಾತಿದೆ. ರಾಜ್ಯಗಳು ತಪ್ಪಿಸಿಕೊಳ್ಳುವುದು ಆ ಕಿಂಡಿಯಿಂದ. 38ನೇ ಕಲಮಿನಂತೆ ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯವುಳ್ಳವರು, ಇಲ್ಲವೇ ಅವರ ಪರವಾಗಿ ಇನ್ನೊಬ್ಬರು, ಹೆಚ್ಚಿನ ನೆರವಿಗಾಗಿ ಅರ್ಜಿ ಕೊಡಬಹುದು, ಮಂಡಳಿಯೊಂದು ಅಗತ್ಯವನ್ನು ಅಳೆಯಬೇಕು. ಈ ಅರ್ಜಿ ಹಾಕಬಹುದು ಎಂಬುದೇ ಬಹಳ ಕುಟುಂಬಗಳಿಗೆ ತಿಳಿದಿಲ್ಲ. ಅಂಗವೈಕಲ್ಯದ ಶೇಕಡಾವಾರು ಬೇರೆ, ದಿನಕ್ಕೆ ಎಷ್ಟು ನೆರವು ಬೇಕು ಎಂಬುದು ಬೇರೆ. ಶೇ 60 ಎಂದು ಬರೆದಿರುವ ಬುದ್ಧಿಮಾಂದ್ಯ ಯುವಕನನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡಲಾಗದಿರಬಹುದು. ಶೇ 80 ಎಂದಿರುವ ಚಲನ ವೈಕಲ್ಯದವರು ತಾವೇ ಎಲ್ಲ ನಿಭಾಯಿಸಿಕೊಳ್ಳಬಹುದು.

ಕರ್ನಾಟಕ 2024-25ರ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ ₹1,000 ಘೋಷಿಸಿತು. ಕೇರಳದ ಆಶ್ವಾಸಕಿರಣಂ ಯೋಜನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ₹600. ಅಂಗವಿಕಲರ ಪಿಂಚಣಿಗೆ ಹೊರತಾಗಿ, ಆರೈಕೆದಾರರಿಗೇ ಎಂದು ಹಣ ಎತ್ತಿಟ್ಟದ್ದು ದೊಡ್ಡ ಬದಲಾವಣೆ. ಎರಡು ದೋಷಗಳನ್ನು ಮಾತ್ರ ಹೇಳಲೇಬೇಕು. ಮೊದಲನೆಯದು, ಕರ್ನಾಟಕ ಹಿಡಿದದ್ದು ರೋಗದ ಹೆಸರನ್ನು. ಮರೆವಿನ ಕಾಯಿಲೆಯವರು, ಪಾರ್ಶ್ವವಾಯುವಿನಿಂದ ಮಲಗಿದವರು, ತೀವ್ರ ಬುದ್ಧಿಮಾಂದ್ಯತೆಯವರು ಆ ನಾಲ್ಕು ಹೆಸರುಗಳ ಹೊರಗೆ ಉಳಿಯುತ್ತಾರೆ. ಕೇರಳದಂತೆ ಸ್ಥಿತಿಯನ್ನು ಹಿಡಿಯುವುದೇ ಲೇಸು. ಎರಡನೆಯದು ಮೊತ್ತ. ದಿನಕ್ಕೆ ಬರೀ 140 ನಿಮಿಷದ ಆರೈಕೆ ಎಂದುಕೊಂಡರೂ ತಿಂಗಳಿಗೆ 70 ಗಂಟೆ. ₹1,000 ಎಂದರೆ ಗಂಟೆಗೆ ₹14 ಚಿಲ್ಲರೆ.

ಯಾವ ಸೌಲಭ್ಯಕ್ಕೂ ಮೊದಲ ಕಾಗದ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ. ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಅರ್ಜಿ ತುಂಬಲು ನೆರವಾಗಬೇಕಾದವರು. ಇನ್ನೊಂದು ಎಚ್ಚರಿಕೆ ಮಗುವಿಗೆ 18 ತುಂಬಿದಾಗ. ಅಲ್ಲಿಗೆ ತಂದೆ ತಾಯಿಯ ಸಹಜ ಪೋಷಕತ್ವ ಮುಗಿಯುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಂತೆ ಜಿಲ್ಲಾಧಿಕಾರಿಗಳ ಸ್ಥಳೀಯ ಸಮಿತಿಯಿಂದ ಕಾನೂನುಬದ್ಧ ಪೋಷಕರ ಆದೇಶ ಪಡೆಯಬೇಕು. ಬ್ಯಾಂಕಿನವರು ಸಹಿ ಒಪ್ಪುವುದಿಲ್ಲ ಎಂದ ಮೇಲೆ ಓಡಾಡುವುದಕ್ಕಿಂತ ಹದಿನೇಳನೇ ವರ್ಷದಲ್ಲೇ ಕಾಗದಗಳನ್ನು ಸಿದ್ಧ ಮಾಡಿಟ್ಟುಕೊಳ್ಳಬೇಕು.

ಉಳಿದ ನೆರವೆಲ್ಲ ನೌಕರಿ ಇದ್ದವರ ಸುತ್ತ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಸೇವಾವಧಿಯಲ್ಲಿ 730 ದಿನ ಶಿಶುಪಾಲನಾ ರಜೆ ಇದೆ. ಮೊದಲ 365 ದಿನ ಪೂರ್ಣ ವೇತನ, ಮುಂದಿನ 365ಕ್ಕೆ ಶೇ 80. ಅಂಗವಿಕಲ ಮಗುವಾದರೆ ವಯಸ್ಸಿನ ಮಿತಿಯಿಲ್ಲ. ಕುಟುಂಬದ ಅಂಗವಿಕಲರನ್ನು ನೋಡಿಕೊಳ್ಳುವ ಕೇಂದ್ರ ನೌಕರರು ವಾಡಿಕೆಯ ವರ್ಗಾವಣೆಯಿಂದ ವಿನಾಯಿತಿ ಕೇಳಬಹುದು. ಆದಾಯ ತೆರಿಗೆಯಲ್ಲಿ ಅಂಗವಿಕಲ ಅವಲಂಬಿತರಿಗಾಗಿ ₹75,000, ತೀವ್ರವಾದರೆ ₹1,25,000 ಕಡಿತವಿದೆ, ಅದೂ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ. ಇವೆಲ್ಲ ಬೇಕಾದವೇ. ಆದರೆ ಆರೈಕೆಗಾಗಿಯೇ ನೌಕರಿ ಬಿಟ್ಟವರಿಗೆ ರಜೆಯೂ ಇಲ್ಲ, ವರ್ಗಾವಣೆಯ ವಿನಾಯಿತಿಯೂ ಇಲ್ಲ, ತೆರಿಗೆ ಕಡಿತವೂ ಇಲ್ಲ. ಅತಿ ಹೆಚ್ಚು ಗಂಟೆ ಕೊಟ್ಟವರಿಗೇ ಅತಿ ಕಡಿಮೆ ಸಿಗುವ ಹಾಗೆ ಈ ಏರ್ಪಾಡು ನಿಂತಿದೆ.

ಅವರಿಗೆ ಹಣಕ್ಕಿಂತ ಮೊದಲು ಬೇಕಾದದ್ದು ಬಿಡುವು. ವಾರಕ್ಕೆ ಎರಡು ಮಧ್ಯಾಹ್ನ ಯಾರಾದರೂ ಬಂದು ಕೂತರೆ ತಮ್ಮ ರಕ್ತದೊತ್ತಡ ತೋರಿಸಿಕೊಂಡು ಬರಬಹುದು. ರಾಷ್ಟ್ರೀಯ ನ್ಯಾಸದ ಸಮರ್ಥ್ ಯೋಜನೆಯಲ್ಲಿ ತಾತ್ಕಾಲಿಕ ವಸತಿ ಆರೈಕೆಯ ಕಲ್ಪನೆಯಿದೆ, ಅದು ನ್ಯಾಸದ ಕಾಯ್ದೆಯಲ್ಲಿ ಬರುವ ಆ ನಾಲ್ಕು ಬಗೆಯ ಅಂಗವೈಕಲ್ಯಕ್ಕಷ್ಟೇ. ಕೊಲಂಬಿಯಾದ ರಾಜಧಾನಿ ಬೊಗೊಟಾದಲ್ಲಿ 2020ರಿಂದ ಬಡಾವಣೆಗಳಲ್ಲಿ ಆರೈಕೆ ಕೇಂದ್ರಗಳನ್ನು ತೆರೆದಿದ್ದಾರೆ. ಅವಲಂಬಿತರನ್ನು ಅಲ್ಲಿ ನೋಡಿಕೊಳ್ಳುವಾಗ ಆರೈಕೆದಾರರು ಓದು ಮುಂದುವರಿಸಬಹುದು, ಬಟ್ಟೆ ಉಚಿತವಾಗಿ ಒಗೆಸಿಕೊಳ್ಳಬಹುದು. ನಮ್ಮಲ್ಲಿ ಪಂಚಾಯಿತಿಗಳ 'ಕೂಸಿನ ಮನೆ' ಇದಕ್ಕೆ ಹತ್ತಿರದ ಮಾದರಿ. ಅದು ಇರುವುದು ಪುಟ್ಟ ಮಕ್ಕಳಿಗೆ. ವೃದ್ಧರಿಗೂ ಅಂಗವಿಕಲರಿಗೂ ಅಂಥದ್ದೊಂದು ಹಗಲಿನ ಜಾಗ ಹೋಬಳಿಗೆ ಒಂದಾದರೂ ಬೇಕು.

ಭತ್ಯೆ ಏರಿಸುವಾಗ ಬ್ರಿಟನ್ನಿನ ಪಾಠ ನೆನಪಿಡಬೇಕು. ಅಲ್ಲಿ ವಾರಕ್ಕೆ 35 ಗಂಟೆ ಆರೈಕೆ ಮಾಡುವವರಿಗೆ ಭತ್ಯೆಯಿದೆ, ಹೊರಗಿನ ಸಂಪಾದನೆಗೆ ಮಿತಿಯಿದೆ. ಮಿತಿಯನ್ನು ಒಂದು ಪೌಂಡ್ ದಾಟಿದರೂ ಆ ವಾರದ ಇಡೀ ಭತ್ಯೆ ಹೋಗುತ್ತದೆ. ಗೊತ್ತಿಲ್ಲದೆ ದಾಟಿದ ಸಾವಿರಾರು ಆರೈಕೆದಾರರ ಮೇಲೆ ವರ್ಷಗಳ ನಂತರ ವಸೂಲಿಯ ನೋಟಿಸು ಬಂತು. ಮಿತಿ ದಾಟಿದಷ್ಟಕ್ಕೆ ಮಾತ್ರ ಕಡಿತವಾಗುವಂತೆ ಮೊದಲೇ ಬರೆದರೆ ಈ ಗೋಳು ಇರುವುದಿಲ್ಲ.

ಅರವತ್ತರ ನಂತರ

ಮನೆಯ ಆರೈಕೆಗೆ ಕೊಟ್ಟ ವರ್ಷಗಳ ನಿಜವಾದ ದಂಡ ಬೀಳುವುದು ಮುಪ್ಪಿನಲ್ಲಿ, ಪಿಂಚಣಿಯಿಲ್ಲದಾಗ. ಹಲವು ದೇಶಗಳು ಇದನ್ನು ಮೊದಲು ಸರಿಪಡಿಸಿದವು. ಜರ್ಮನಿಯಲ್ಲಿ ವಾರಕ್ಕೆ ಕನಿಷ್ಠ 10 ಗಂಟೆ, ಕನಿಷ್ಠ ಎರಡು ದಿನ ಮನೆಯವರನ್ನು ನೋಡಿಕೊಳ್ಳುವವರ ಪಿಂಚಣಿ ಖಾತೆಗೆ ಆರೈಕೆ ವಿಮೆಯಿಂದಲೇ ವಂತಿಗೆ ಹೋಗುತ್ತದೆ. ಹೊರಗಿನ ಕೆಲಸ ವಾರಕ್ಕೆ 30 ಗಂಟೆ ಮೀರಿರಬಾರದು, ಅಷ್ಟೆ. ಅರ್ಜೆಂಟೀನಾ 2021ರಲ್ಲಿ ತಾಯಂದಿರಿಗೆ ಪ್ರತಿ ಮಗುವಿಗೆ ಒಂದು ವರ್ಷದ ಸೇವೆ ಎಂದು ಪಿಂಚಣಿಗೆ ಸೇರಿಸಿತು, ಅಂಗವಿಕಲ ಮಗುವಾದರೆ ಇನ್ನೂ ಹೆಚ್ಚು.

ನಮ್ಮಲ್ಲಿ ಹೊಸ ಇಲಾಖೆ ಕಟ್ಟದೆ ಇದನ್ನು ಮಾಡಬಹುದು. ಅಟಲ್ ಪಿಂಚಣಿ ಯೋಜನೆಗೆ 18ರಿಂದ 40 ವಯಸ್ಸಿನ, ಆದಾಯ ತೆರಿಗೆ ಕಟ್ಟದ ಯಾರಾದರೂ ಸೇರಬಹುದು, ಸಂಬಳ ಬೇಕಿಲ್ಲ. 60ರ ನಂತರ ತಿಂಗಳಿಗೆ ₹5,000 ಬರಬೇಕಾದರೆ 18ರಲ್ಲಿ ಸೇರಿದವರು ತಿಂಗಳಿಗೆ ₹210, 30ರಲ್ಲಿ ಸೇರಿದವರು ₹577, 35ರಲ್ಲಾದರೆ ₹902, 40ರಲ್ಲಾದರೆ ₹1,454 ಕಟ್ಟಬೇಕು. ಗೃಹಲಕ್ಷ್ಮಿಯ ಹಣ ಬರುವ ಖಾತೆಯಿಂದಲೇ ಈ ಕಂತು ಕಡಿತವಾಗುವಂತೆ ಬ್ಯಾಂಕಿನಲ್ಲಿ ಬರೆದುಕೊಡಬಹುದು. ಗೃಹಲಕ್ಷ್ಮಿಯ ಕಂತು ತಡವಾದ ತಿಂಗಳು ಖಾತೆ ಖಾಲಿಯಿದ್ದರೆ ದಂಡ ಬೀಳುತ್ತದೆ, ಹಾಗಾಗಿ ಎರಡು ತಿಂಗಳ ಕಂತಿನಷ್ಟು ಹಣ ಯಾವಾಗಲೂ ಉಳಿಸಿಡಬೇಕು. ಮೂವತ್ತು ವರ್ಷದ ಬಳಿಕ ₹5,000ದ ಬೆಲೆ ಈಗಿನಷ್ಟು ಇರುವುದಿಲ್ಲ ಎಂಬುದೂ ನಿಜ. ಆದರೂ ಅದು ಆಕೆಯ ಹೆಸರಿನ ಪಿಂಚಣಿ.

ಈ ಕಂತನ್ನು ಆರೈಕೆಯ ವರ್ಷಗಳಲ್ಲಿ ಸರ್ಕಾರವೇ ಕಟ್ಟಲಿ ಎಂಬುದು ನಮ್ಮ ಒತ್ತಾಯ. 30ರಲ್ಲಿ ಸೇರಿದ ಒಬ್ಬ ತಾಯಿಗೆ ವರ್ಷಕ್ಕೆ ₹6,924 ಸಾಕು. ಸೊಂಟ ಮುರಿದ ಅತ್ತೆಯನ್ನು ನೋಡಿಕೊಳ್ಳಲು 42ರಲ್ಲಿ ಕೆಲಸ ಬಿಟ್ಟವರಿಗೂ ಸಿಗಬೇಕಾದರೆ 40ರ ಮಿತಿಯನ್ನು ಆರೈಕೆದಾರರಿಗೆ ಸಡಿಲಿಸಬೇಕು. ಆರೈಕೆ ಯಾವಾಗ ಶುರುವಾಯಿತು ಎಂಬುದಕ್ಕೆ ಪುರಾವೆ ಎಲ್ಲಿ ಎಂದು ಅಧಿಕಾರಿಗಳು ಕೇಳುತ್ತಾರೆ. ಅಂಗವಿಕಲರ ಮಟ್ಟಿಗೆ ಅದು ಯುಡಿಐಡಿ ಪ್ರಮಾಣಪತ್ರದಲ್ಲೇ ಇದೆ, ಕೊಟ್ಟ ದಿನಾಂಕ ಅಚ್ಚಾಗಿರುತ್ತದೆ. ಹಾಸಿಗೆ ಹಿಡಿದ ಹಿರಿಯರ ಮಟ್ಟಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಪತ್ರ ಮತ್ತು ಆಶಾ ಕಾರ್ಯಕರ್ತೆಯ ಮನೆ ಭೇಟಿಯ ದಾಖಲೆ ಸಾಕಾಗುತ್ತದೆ. ಆ ಕಾಗದಗಳಲ್ಲಿ ರೋಗಿಯ ಹೆಸರಿನ ಕೆಳಗೆ, ನೋಡಿಕೊಳ್ಳುತ್ತಿರುವವರ ಹೆಸರು ಮತ್ತು ಆಧಾರ್ ಸಂಖ್ಯೆಗೆ ಒಂದು ಸಾಲು ಸೇರಿಸಬೇಕು.